ಶಾಸಕರೂ ಹೌದು, ರೈತರೂ ಹೌದು: ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಈ ಮೂರು ಜಿಲ್ಲೆಗಳಲ್ಲಿ ಒಟ್ಟು 22 ವಿಧಾನಸಭಾ ಕ್ಷೇತ್ರಗಳಿವೆ: ತುಮಕೂರಿನಲ್ಲಿ 11, ಕೋಲಾರದಲ್ಲಿ 6, ಚಿಕ್ಕಬಳ್ಳಾಪುರದಲ್ಲಿ 5. ಟಿಕೆಟ್ ಕೇಳುವವರಲ್ಲಿ ಜಮೀನಿಲ್ಲದವರು ಕಡಿಮೆ. ಆದ್ದರಿಂದ ತೋಟಕ್ಕೂ ವಿಧಾನಸೌಧಕ್ಕೂ ನಡುವೆ ಓಡಾಡುವವರ ಬಗ್ಗೆ ಪ್ರಶ್ನೆಗಳು ಬರುತ್ತಲೇ ಇರುತ್ತವೆ. ಪಂಚಾಯ್ತಿ ಕಟ್ಟೆಯಲ್ಲಿ, ಪತ್ರಗಳಲ್ಲಿ, ಫೋನಿನಲ್ಲಿ ಮತ್ತೆ ಮತ್ತೆ ಕೇಳಿದ್ದನ್ನು ಕೇಳಿದವರ ಮಾತಿನಲ್ಲೇ ಇಟ್ಟು ಉತ್ತರಿಸಿದ್ದೇವೆ.

## ಮೊದಮೊದಲ ಪ್ರಶ್ನೆಗಳು

ಜಮೀನು ಇಟ್ಕೊಂಡು ಎಂಎಲ್‌ಎ ಆಗಬಹುದಾ? ಅದು "ಲಾಭದಾಯಕ ಹುದ್ದೆ" ಆಗಲ್ವಾ?

ಆಗಬಹುದು, ಯಾವ ಅಡ್ಡಿಯೂ ಇಲ್ಲ. ಸಂವಿಧಾನದ 191ನೇ ವಿಧಿ ಹೇಳುವ ಲಾಭದಾಯಕ ಹುದ್ದೆ ಎಂದರೆ ಸರ್ಕಾರದ ಅಡಿಯಲ್ಲಿರುವ ಹುದ್ದೆ. ನಿಮ್ಮ ತೋಟಕ್ಕೆ ಸರ್ಕಾರ ನಿಮ್ಮನ್ನು ನೇಮಿಸಿಲ್ಲ, ಸಂಬಳವನ್ನೂ ಕೊಡುತ್ತಿಲ್ಲ. ಎಷ್ಟು ಎಕರೆ ಇದೆ, ಏನು ಬೆಳೆಯುತ್ತೀರಿ ಎಂಬುದು ಶಾಸಕತ್ವಕ್ಕೆ ಸಂಬಂಧಿಸಿದ್ದಲ್ಲ. ತೊಂದರೆ ಶುರುವಾಗುವುದು ತೋಟದ ಲೆಕ್ಕ ಮತ್ತು ಹುದ್ದೆಯ ಲೆಕ್ಕ ಒಂದೇ ಜೇಬಿಗೆ ಬಿದ್ದಾಗ. ಮುಂದಿನ ಪ್ರಶ್ನೆಗಳಲ್ಲಿ ಅರ್ಧಕ್ಕೂ ಹೆಚ್ಚು ಸುತ್ತುವುದು ಅದರ ಸುತ್ತಲೇ.

ನನ್ನ ಓಟು ಚಿಂತಾಮಣಿಯಲ್ಲಿದೆ, ತೋಟ ಶ್ರೀನಿವಾಸಪುರದಲ್ಲಿದೆ. ಎಲ್ಲಿ ನಿಲ್ಲಬೇಕು?

ಎಲ್ಲಿ ಬೇಕಾದರೂ. ವಿಧಾನಸಭೆಗೆ ನಿಲ್ಲಲು 25 ವರ್ಷ ತುಂಬಿರಬೇಕು, ರಾಜ್ಯದ ಯಾವುದಾದರೂ ಒಂದು ವಿಧಾನಸಭಾ ಕ್ಷೇತ್ರದ ಮತದಾರರಾಗಿರಬೇಕು. ಅದೇ ಕ್ಷೇತ್ರದವರಾಗಿರಬೇಕು ಎಂದಿಲ್ಲ, ಅಲ್ಲಿ ಜಮೀನು ಇರಬೇಕು ಎಂದೂ ಇಲ್ಲ. ಬೇರೆ ಕ್ಷೇತ್ರದಲ್ಲಿ ನಿಂತರೆ ನಿಮ್ಮ ಹೆಸರಿರುವ ಮತದಾರರ ಪಟ್ಟಿಯ ದೃಢೀಕೃತ ನಕಲನ್ನು ಚುನಾವಣಾಧಿಕಾರಿ ಮುಂದೆ ಇಡಬೇಕು. ಕೊನೇ ದಿನ ಇದನ್ನು ಮರೆತು ಓಡಾಡುವವರು ಪ್ರತಿ ಚುನಾವಣೆಯಲ್ಲೂ ಸಿಗುತ್ತಾರೆ. ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರಗಳು ಇಲ್ಲಿ ಐದು: ಮುಳಬಾಗಿಲು, ಕೆಜಿಎಫ್, ಬಂಗಾರಪೇಟೆ, ಕೊರಟಗೆರೆ, ಪಾವಗಡ.

ಠೇವಣಿ ಎಷ್ಟು? ಸೂಚಕರು ಎಷ್ಟು ಜನ ಬೇಕು?

ಠೇವಣಿ 10,000 ರೂಪಾಯಿ. ಪರಿಶಿಷ್ಟ ಜಾತಿ, ಪಂಗಡದವರಿಗೆ 5,000. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಆ ಕ್ಷೇತ್ರದ ಒಬ್ಬ ಮತದಾರ ಸೂಚಕನಾದರೆ ಸಾಕು, ಪಕ್ಷೇತರರಿಗೆ ಹತ್ತು ಜನ ಬೇಕು. ಹತ್ತರಲ್ಲಿ ಒಬ್ಬರ ಸಹಿ ಅಥವಾ ಕ್ರಮಸಂಖ್ಯೆ ತಪ್ಪಿದರೂ ನಾಮಪತ್ರ ಬೀಳಬಹುದು. ಅದಕ್ಕಾಗಿ ಬೇರೆ ಬೇರೆ ಸೂಚಕರನ್ನಿಟ್ಟು ಎರಡು ಮೂರು ಸೆಟ್ ಸಲ್ಲಿಸಿ. ನಾಲ್ಕು ಸೆಟ್‌ವರೆಗೆ ಅವಕಾಶವಿದೆ, ಠೇವಣಿ ಮಾತ್ರ ಒಂದೇ. ಚಲಾವಣೆಯಾದ ಸಿಂಧು ಮತಗಳ ಆರನೇ ಒಂದು ಭಾಗ ದಾಟದಿದ್ದರೆ ಠೇವಣಿ ಹೋಯಿತು.

ಶಾಸಕರ ಸಂಬಳದಲ್ಲೇ ಸಂಸಾರ ನಡೆಯುತ್ತಲ್ಲ, ತೋಟ ಯಾಕೆ ಬೇಕು?

2025ರ ಮಾರ್ಚ್‌ನಲ್ಲಿ ಮಸೂದೆ ಪಾಸಾಗಿ ಶಾಸಕರ ಮೂಲ ಸಂಬಳ ತಿಂಗಳಿಗೆ 40,000ದಿಂದ 80,000 ರೂಪಾಯಿಗೆ ಏರಿತು. ಕ್ಷೇತ್ರ ಭತ್ಯೆ, ಪ್ರಯಾಣ ಭತ್ಯೆ, ದೂರವಾಣಿ ಇತ್ಯಾದಿ ಬೇರೆ. ಸಂಸಾರಕ್ಕೆ ಸಾಕು, ಆದರೆ ಕ್ಷೇತ್ರದಲ್ಲಿ ವಾರಕ್ಕೆ ಹತ್ತು ಮದುವೆ, ನಾಲ್ಕು ತಿಥಿ, ಎರಡು ಜಾತ್ರೆ. ಅಲ್ಲಿ ಕೈ ಮುಗಿದು ಬರಿಗೈಲಿ ಬರುವಷ್ಟು ಗಟ್ಟಿ ಎದೆ ಎಲ್ಲರಿಗೂ ಇರುವುದಿಲ್ಲ. ಇನ್ನೊಂದು ಮಾತು: ಹುದ್ದೆ ಐದು ವರ್ಷದ್ದು, ತೆಂಗಿನ ಮರ ಅರವತ್ತು ವರ್ಷದ್ದು.

## ನಾಮಪತ್ರ ಮತ್ತು ಪಹಣಿ

ಅಫಿಡವಿಟ್‌ನಲ್ಲಿ ಜಮೀನಿನ ಬಗ್ಗೆ ಏನೇನು ಬರೀಬೇಕು?

ನಮೂನೆ 26ರಲ್ಲಿ ಕೃಷಿ ಜಮೀನಿಗೆ ಪ್ರತ್ಯೇಕ ಅಂಕಣವಿದೆ. ಪ್ರತಿ ತುಂಡಿಗೂ ಊರು ಮತ್ತು ಸರ್ವೆ ನಂಬರ್, ಎಕರೆ ಲೆಕ್ಕದಲ್ಲಿ ವಿಸ್ತೀರ್ಣ, ಪಿತ್ರಾರ್ಜಿತವೋ ಅಲ್ಲವೋ, ಕೊಂಡಿದ್ದರೆ ತಾರೀಖು ಮತ್ತು ಕೊಂಡ ಬೆಲೆ, ಅದರ ಮೇಲೆ ಹಾಕಿದ ಬಂಡವಾಳ, ಈಗಿನ ಅಂದಾಜು ಮಾರುಕಟ್ಟೆ ಬೆಲೆ, ಇಷ್ಟೂ ಬೇಕು. ನಿಮ್ಮದು ಮಾತ್ರ ಸಾಲದು. ಗಂಡ ಅಥವಾ ಹೆಂಡತಿ, ಹಿಂದೂ ಅವಿಭಕ್ತ ಕುಟುಂಬ, ಅವಲಂಬಿತರು, ಪ್ರತಿಯೊಬ್ಬರಿಗೂ ಬೇರೆ ಕಾಲಂ ಇದೆ.

ತಪ್ಪು ಹೆಚ್ಚು ಆಗುವುದು ಮೂರು ಕಡೆ. ಒಂದು, ಪಹಣಿಯಲ್ಲಿ ಒಂದು ವಿಸ್ತೀರ್ಣ, ಕ್ರಯಪತ್ರದಲ್ಲಿ ಇನ್ನೊಂದು ಇರುತ್ತದೆ. ಪೋಡಿ (ಅಳತೆ ಮಾಡಿ ತುಂಡು ಬೇರೆ ಮಾಡುವುದು) ಆಗದ ನಂಬರುಗಳಲ್ಲಿ ಇದು ಮಾಮೂಲು. ಪಹಣಿ, ಮುಟೇಷನ್, ಕ್ರಯಪತ್ರ ಮೂರನ್ನೂ ಎದುರಿಗಿಟ್ಟುಕೊಂಡೇ ಬರೆಯಿರಿ, ಖರಾಬು (ಸಾಗುವಳಿಗೆ ಬಾರದ ನೆಲ) ಎಷ್ಟು ಎಂದೂ ನೋಡಿ. ಎರಡು, ಬೋರ್‌ವೆಲ್, ಡ್ರಿಪ್, ಕೃಷಿ ಹೊಂಡ, ಪಾಲಿಹೌಸ್, ಹುಳು ಮನೆ ಕಟ್ಟಿಸಿದ ಖರ್ಚು "ಬಂಡವಾಳ" ಅಂಕಣಕ್ಕೆ ಬರಬೇಕು. ಬಹಳ ಜನ ಅಲ್ಲಿ "ಇಲ್ಲ" ಎಂದು ಬರೆದು, ಕೆಳಗೆ ಸಾಲದ ಅಂಕಣದಲ್ಲಿ ಅದೇ ಪಾಲಿಹೌಸ್ ಸಾಲ ತೋರಿಸಿರುತ್ತಾರೆ. ಎದುರಾಳಿಯ ವಕೀಲರಿಗೆ ಇದಕ್ಕಿಂತ ಸುಲಭದ ಹಬ್ಬ ಇನ್ನೊಂದಿಲ್ಲ. ಮೂರು, ಮಾರುಕಟ್ಟೆ ಬೆಲೆ ಎಂದು ಮಾರ್ಗಸೂಚಿ ದರವನ್ನೇ ತುಂಬುವುದು. ದೇವನಹಳ್ಳಿ ವಿಮಾನ ನಿಲ್ದಾಣದ ಪಕ್ಕ, ಚಿಕ್ಕಬಳ್ಳಾಪುರ ಹೆದ್ದಾರಿ ಬದಿಯ ಜಮೀನಿನ ನಿಜವಾದ ಬೆಲೆ ಅದಕ್ಕಿಂತ ಎಷ್ಟೋ ಮೇಲಿರುತ್ತದೆ.

ಒಂದು ಅಂಕಣ ಖಾಲಿ ಬಿಟ್ಟರೆ ಏನಾಗುತ್ತೆ?

ನಾಮಪತ್ರ ತಿರಸ್ಕೃತವಾಗಬಹುದು. 2013ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ. ಅಧಿಕಾರಿ ನೆನಪಿಸಿದ ಮೇಲೂ ತುಂಬದಿದ್ದರೆ ತಿರಸ್ಕರಿಸುವ ಅಧಿಕಾರ ಅವರಿಗಿದೆ. ಇಲ್ಲದ್ದಕ್ಕೆ "ಇಲ್ಲ" ಎಂದೋ "ಅನ್ವಯಿಸುವುದಿಲ್ಲ" ಎಂದೋ ಬರೆಯಬೇಕು. ಗೀಟು ಎಳೆಯಬೇಡಿ. ಇರುವುದನ್ನು ಮುಚ್ಚಿಟ್ಟರೆ ಪ್ರಜಾಪ್ರತಿನಿಧಿ ಕಾಯ್ದೆಯ 125ಎ ಸೆಕ್ಷನ್‌ನಲ್ಲಿ ಆರು ತಿಂಗಳವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ.

ಅಪ್ಪ ತೀರಿಕೊಂಡು ಹತ್ತು ವರ್ಷ ಆಯ್ತು, ಪಹಣಿ ಇನ್ನೂ ಅವರ ಹೆಸರಲ್ಲೇ ಇದೆ. ಅದನ್ನು ನಾನು ತೋರಿಸಬೇಕಾ?

ನಿಮ್ಮ ಪಾಲು ಹಕ್ಕಾಗಿ ಬಂದಿದೆ, ತೋರಿಸಬೇಕು. "ತಂದೆಯ ಹೆಸರಿನಲ್ಲಿ, ಅವಿಭಜಿತ, ನನ್ನ ಪಾಲು ಇಷ್ಟನೇ ಒಂದು" ಎಂದು ಬರೆದರೆ ಯಾರೂ ಬೆರಳು ತೋರಿಸಲಾರರು. ಅದಕ್ಕಿಂತ ಒಳ್ಳೆಯದು, ಚುನಾವಣೆಗೆ ವರ್ಷ ಮುಂಚೆಯೇ ವಂಶವೃಕ್ಷ, ಮರಣ ಪ್ರಮಾಣಪತ್ರ ಇಟ್ಟು ಪೌತಿ ಖಾತೆ ಮಾಡಿಸಿಕೊಳ್ಳುವುದು. ಅಣ್ಣತಮ್ಮಂದಿರ ತಕರಾರು ಇದ್ದರೆ ನಾಮಪತ್ರದ ವಾರದಲ್ಲೇ ಹೊರಗೆ ಬರುತ್ತದೆ. ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ.

ಟೊಮೆಟೊ ಮಾರಿದ ದುಡ್ಡು ಕಾರಲ್ಲಿ ಇಟ್ಕೊಂಡು ಬರ್ತಿದ್ರೆ ಫ್ಲೈಯಿಂಗ್ ಸ್ಕ್ವಾಡ್ ಹಿಡೀತಾರಂತೆ, ನಿಜನಾ?

ನಿಜ. ಅಭ್ಯರ್ಥಿ, ಏಜೆಂಟ್ ಅಥವಾ ಕಾರ್ಯಕರ್ತರಿರುವ ಗಾಡಿಯಲ್ಲಿ 50,000 ರೂಪಾಯಿಗಿಂತ ಹೆಚ್ಚು ನಗದು ಸಿಕ್ಕರೆ ಜಪ್ತಿ ಮಾಡುತ್ತಾರೆ. ಕೋಲಾರ ಎಪಿಎಂಸಿಯಲ್ಲಿ 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸ್ 2,000 ರೂಪಾಯಿ ದಾಟಿತ್ತು. ಅಂಥ ದಿನದಲ್ಲಿ 30 ಬಾಕ್ಸ್ ಹಾಕಿದವನ ಜೇಬಲ್ಲಿ 60,000 ಇರುತ್ತದೆ. ಮಂಡಿ ಚೀಟಿ ಇದ್ದರೆ ಹಣ ವಾಪಸ್ ಪಡೆಯಲು ವಾದ ಇರುತ್ತದೆ, ಆದರೆ ಆ ಓಡಾಟಕ್ಕೆ ಪ್ರಚಾರದ ನಾಲ್ಕು ದಿನ ಹೋಗುತ್ತದೆ. ಚುನಾವಣೆ ಘೋಷಣೆಯಾದ ದಿನದಿಂದ ಮಂಡಿಯವರಿಗೆ ಹೇಳಿಬಿಡಿ: ಹಣ ಖಾತೆಗೆ ಹಾಕಿ, ಕೈಗೆ ಕೊಡಬೇಡಿ.

ಚುನಾವಣಾ ಖರ್ಚಿಗೆ ಬೇರೆಯೇ ಬ್ಯಾಂಕ್ ಖಾತೆ ಬೇಕು, ನಾಮಪತ್ರ ಸಲ್ಲಿಸುವ ದಿನಕ್ಕೆ ಕನಿಷ್ಠ ಒಂದು ದಿನ ಮೊದಲು ತೆರೆದಿರಬೇಕು. ತೋಟದ ಹಣ ಹಾಕುವುದಾದರೆ ತೋಟದ ಖಾತೆಯಿಂದ ಆ ಖಾತೆಗೆ ವರ್ಗಾಯಿಸಿ. ಒಬ್ಬರಿಗೇ 10,000ಕ್ಕಿಂತ ಹೆಚ್ಚು ಕೊಡುವಾಗ ಚೆಕ್ ಅಥವಾ ಬ್ಯಾಂಕ್ ವರ್ಗಾವಣೆ.

ನಮ್ಮ ತೋಟದ ರಾಗಿ, ನಮ್ಮ ತೋಟದ ಕಾಳು. ಕಾರ್ಯಕರ್ತರಿಗೆ ಮುದ್ದೆ ಊಟ ಹಾಕಿದರೆ ಅದೂ ಖರ್ಚಾ?

ಖರ್ಚೇ. ರಾಗಿ ನಿಮ್ಮ ಕಣಜದ್ದಾದರೂ ಜಿಲ್ಲಾ ಚುನಾವಣಾಧಿಕಾರಿ ನಿಗದಿ ಮಾಡಿದ ಊಟದ ದರದಲ್ಲಿ ತಲೆ ಲೆಕ್ಕ ಹಾಕುತ್ತಾರೆ. ನಿಮ್ಮದೇ ಟ್ರ್ಯಾಕ್ಟರ್‌ಗೆ ಬ್ಯಾನರ್ ಕಟ್ಟಿದರೆ ಪ್ರಚಾರದ ವಾಹನದ ಅನುಮತಿ ಬೇಕು, ಬಾಡಿಗೆ ದರದಲ್ಲಿ ಖರ್ಚಿಗೆ ಸೇರುತ್ತದೆ. ಕರ್ನಾಟಕದಲ್ಲಿ ವಿಧಾನಸಭಾ ಅಭ್ಯರ್ಥಿಯ ಮಿತಿ 40 ಲಕ್ಷ. ಫಲಿತಾಂಶದ 30 ದಿನದೊಳಗೆ ಲೆಕ್ಕ ಕೊಡಬೇಕು. ಗೆದ್ದವರು ಸನ್ಮಾನದಲ್ಲಿ, ಸೋತವರು ಬೇಸರದಲ್ಲಿ ಈ ದಿನ ತಪ್ಪಿಸುತ್ತಾರೆ. ತಪ್ಪಿಸಿದರೆ ಮೂರು ವರ್ಷ ಅನರ್ಹತೆ ಬರಬಹುದು.

## ತೋಟದ ಪಂಚಾಂಗ, ಸದನದ ಪಂಚಾಂಗ

ಸದನ ವರ್ಷಕ್ಕೆ ಎಷ್ಟು ದಿನ? ಹೋಗದಿದ್ದರೆ ಏನು?

ಎರಡು ಅಧಿವೇಶನಗಳ ನಡುವೆ ಆರು ತಿಂಗಳಿಗಿಂತ ಹೆಚ್ಚು ಅಂತರ ಇರಬಾರದು ಎಂಬುದೊಂದೇ ಸಂವಿಧಾನದ ಕಟ್ಟು. ರೂಢಿಯಲ್ಲಿ ಬಜೆಟ್ ಅಧಿವೇಶನ ಫೆಬ್ರುವರಿ-ಮಾರ್ಚ್ ಸುಮಾರಿಗೆ, ಮಳೆಗಾಲದ್ದು ಜುಲೈ-ಆಗಸ್ಟ್ ಸುಮಾರಿಗೆ, ಚಳಿಗಾಲದ್ದು ಡಿಸೆಂಬರ್‌ನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ. ಅನುಮತಿ ಇಲ್ಲದೆ 60 ದಿನ ಗೈರಾದರೆ ಸದನ ಆ ಸ್ಥಾನವನ್ನು ಖಾಲಿ ಎಂದು ಘೋಷಿಸಬಹುದು. ನಾಲ್ಕು ದಿನಕ್ಕಿಂತ ಹೆಚ್ಚು ಮುಂದೂಡಿದ ಅವಧಿ ಆ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿಯವರೆಗೆ ಯಾರೂ ಹೋಗುವುದಿಲ್ಲ ಬಿಡಿ. ಆದರೆ ಪ್ರಶ್ನೋತ್ತರದಲ್ಲಿ ನಿಮ್ಮ ಹೆಸರು ಕೂಗಿದಾಗ ಕುರ್ಚಿ ಖಾಲಿ ಇದ್ದರೆ ಕ್ಷೇತ್ರದವರಿಗೆ ಸಂಜೆಯೊಳಗೆ ಗೊತ್ತಾಗುತ್ತದೆ.

ಶಾಸಕರಾದವರಿಗೆ ಯಾವ ಬೆಳೆ ಸರಿ?

ಕೈ ಹಿಡಿದು ನೋಡಿಕೊಳ್ಳಬೇಕಾದ ಬೆಳೆ ಬೇಡ. ಇಷ್ಟು ಹೇಳಿದರೆ ಉತ್ತರ ಮುಗಿಯಿತು, ಆದರೂ ಒಂದೊಂದಾಗಿ ನೋಡೋಣ.

ರೇಷ್ಮೆ: ಶಿಡ್ಲಘಟ್ಟ, ಚಿಂತಾಮಣಿ ಕಡೆಯವರು ಮೊದಲು ಕೇಳುವುದು ಇದನ್ನೇ. ಚಾಕಿ ಕಟ್ಟಿದ (ಎಳೆಯದರಲ್ಲಿ ಸಾಕಿದ) ಹುಳು ಎರಡನೇ ಜ್ವರ (ಪೊರೆ ಬಿಡುವ ಹಂತ) ಕಳೆದು ಮನೆಗೆ ಬಂದ ಮೇಲೆ ಗೂಡು ಬಿಡಿಸುವ ತನಕ ಸುಮಾರು ಮೂರು ವಾರ. ಅದರಲ್ಲಿ ನಾಲ್ಕನೇ ಜ್ವರ ಎದ್ದ ಮೇಲಿನ ಏಳೆಂಟು ದಿನ ಹುಳು ತಿನ್ನುವ ಸೊಪ್ಪು ಒಟ್ಟು ಸೊಪ್ಪಿನ ಮುಕ್ಕಾಲು ಪಾಲಿಗಿಂತ ಹೆಚ್ಚು. ಆ ವಾರ ಸೊಪ್ಪು ಒಂದು ಹೊತ್ತು ತಪ್ಪಿದರೆ, ಹಣ್ಣಾದ ಹುಳುವನ್ನು ಚಂದ್ರಿಕೆಗೆ (ಗೂಡು ಕಟ್ಟುವ ತಟ್ಟೆಗೆ) ಬಿಡುವುದು ಅರ್ಧ ದಿನ ತಡವಾದರೆ, ಗೂಡು ತೆಳುವಾಗುತ್ತದೆ, ಜಾಳಾಗುತ್ತದೆ. ಮನೆಯಲ್ಲಿ ಪಳಗಿದ ಕೈ ಇದ್ದರೆ ಮಾತ್ರ ಇಟ್ಟುಕೊಳ್ಳಿ. ಇಲ್ಲದಿದ್ದರೆ ಹಿಪ್ಪುನೇರಳೆ ಬೆಳೆದು ಸೊಪ್ಪು ಮಾರಿ.

ಟೊಮೆಟೊ: ಕಡ್ಡಿ ನೆಟ್ಟು ದಾರ ಕಟ್ಟುವುದರಿಂದ ಹಿಡಿದು ಎರಡು ಮೂರು ದಿನಕ್ಕೊಮ್ಮೆ ಕೊಯ್ಲಿನ ತನಕ ಮಾಲೀಕನ ಕಣ್ಣು ಬೇಕು. ಔಷಧಿ ಎರಡು ದಿನ ತಡವಾದರೆ ಅಂಗಮಾರಿ ಸಾಲಿಗೆ ಸಾಲೇ ಸುಡುತ್ತದೆ. ಅದೃಷ್ಟದ ಬೆಳೆ, ಶಾಸಕರಿಗೆ ಅಲ್ಲ.

ರಾಗಿ: ಜುಲೈ ಬಿತ್ತನೆ, ನವೆಂಬರ್-ಡಿಸೆಂಬರ್ ಕಟಾವು. ಕೂಲಿ ಕಡಿಮೆ ಬೇಡುತ್ತದೆ. ಒಂದೇ ತೊಡಕು, ಕಟಾವಿನ ವಾರ ಬೆಳಗಾವಿ ಅಧಿವೇಶನಕ್ಕೆ ಬೀಳುತ್ತದೆ. ಕಟಾವು ಯಂತ್ರದ ಬಾಡಿಗೆಯನ್ನು ಅಕ್ಟೋಬರ್‌ನಲ್ಲೇ ಮಾತಾಡಿಡಿ. ಮೆದೆ ಹಾಕಿಟ್ಟು ಸಂಕ್ರಾಂತಿ ಹೊತ್ತಿಗೆ ಒಕ್ಕುವ ಹಳೇ ಪದ್ಧತಿಯೂ ಇದಕ್ಕೆ ಚೆನ್ನಾಗಿ ಹೊಂದುತ್ತದೆ.

ತೆಂಗು: ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಶಾಸಕರಿಗೆ ಇದು ವರ. ಕಾಯಿ ಅಟ್ಟಕ್ಕೆ ಏರಿಸಿದರೆ ಉಂಡೆ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು. ಅಷ್ಟು ದಿನ ಅದು ನಿಮ್ಮನ್ನು ಏನೂ ಕೇಳುವುದಿಲ್ಲ. ನುಸಿ ಮತ್ತು ಅಣಬೆ ರೋಗ ಮಾತ್ರ ಬುಡ ನೋಡುವವರಿಲ್ಲದ ತೋಟಕ್ಕೇ ಮೊದಲು ಬರುತ್ತವೆ.

ಮಾವಿನದು ಬೇರೆ ಕಥೆ, ಮುಂದಿನ ಪ್ರಶ್ನೆ ನೋಡಿ.

ಮಾವಿನ ಸುಗ್ಗೀಲೇ ಚುನಾವಣೆ ಬಂದರೆ ಹೆಂಗೆ ಸಾರ್?

ಬಂದೇ ಬರುತ್ತದೆ. 2013, 2018, 2023 ಮೂರೂ ವಿಧಾನಸಭಾ ಚುನಾವಣೆಗಳು ಮೇ ತಿಂಗಳಲ್ಲೇ ನಡೆದವು. ಶ್ರೀನಿವಾಸಪುರದ ಬಾದಾಮಿ ಮಾವು ಆ ಹೊತ್ತಿಗೆ ಮಂಡಿಗೆ ಬರಲು ಶುರು, ತೋತಾಪುರಿ, ನೀಲಂ ಜೂನ್-ಜುಲೈಗೆ. ಚುನಾವಣೆ ವರ್ಷ ಫಸಲನ್ನು ಕಾಯಿಕಟ್ಟಿನ ಹಂತದಲ್ಲೇ ಗುತ್ತಿಗೆಗೆ ಕೊಟ್ಟುಬಿಡುವುದು ಜಾಣತನ. ದರ ಸ್ವಲ್ಪ ಕಡಿಮೆ ಸಿಗುತ್ತದೆ, ಆದರೆ ಆಲಿಕಲ್ಲು, ಕಾವಲು, ಕೂಲಿ ಎಲ್ಲವೂ ಗುತ್ತಿಗೆದಾರನ ತಲೆಗೆ. ಕರಾರು ಬರಹದಲ್ಲಿರಲಿ: ಎಷ್ಟು ಮರ, ಯಾವ ಜಾತಿ, ಮುಂಗಡ ಎಷ್ಟು, ಬಾಕಿ ಯಾವ ತಾರೀಖಿಗೆ, ಆಲಿಕಲ್ಲು ಬಿದ್ದರೆ ಎಷ್ಟು ಕಡಿತ. ಹೂವಿನ ಮೇಲೇ ಕೊಡಬೇಡಿ. ಬೂದಿರೋಗ, ಜಿಗಿಹುಳು ಬಂದರೆ ಗುತ್ತಿಗೆದಾರ ಮುಂಗಡ ಬಿಟ್ಟು ಕೈ ತೊಳೆದುಕೊಳ್ಳುತ್ತಾನೆ, ಆಗ ಏಪ್ರಿಲ್‌ನಲ್ಲಿ ನಿಮಗೆ ತೋಟ ನೋಡಲು ಪುರುಸೊತ್ತು ಇರುವುದಿಲ್ಲ.

ತೋಟ ಯಾರು ನೋಡ್ಕೋಬೇಕು? ಪಿಎ ಇದ್ದಾರಲ್ಲ.

ಪಿಎ ಬೇಡ. ಸರ್ಕಾರ ಕೊಟ್ಟ ಆಪ್ತ ಸಹಾಯಕ, ಗನ್‌ಮ್ಯಾನ್, ಡ್ರೈವರ್ ಇವರಲ್ಲಿ ಯಾರೂ ತೋಟದ ಗೊಬ್ಬರದ ಮೂಟೆ ಮುಟ್ಟಬಾರದು. ಒಬ್ಬ ತೋಟದ ಮೇಟಿ, ಬ್ಯಾಂಕಿನ ಮೂಲಕ ಸಂಬಳ, ಒಂದು ದಿನಚರಿ ಪುಸ್ತಕ. ಅದರಲ್ಲಿ ಆಳು ಎಷ್ಟು, ನೀರು ಯಾವ ತಾಕಿಗೆ, ಗೊಬ್ಬರ ಎಷ್ಟು, ಮಾರಿದ್ದು ಎಷ್ಟು. ತಿಂಗಳಿಗೆ ಎರಡು ಭಾನುವಾರ ನೀವೇ ಕೂತು ಓದಿ. ಇದು ಬರೀ ತೋಟಕ್ಕಲ್ಲ, ಐದು ವರ್ಷದ ನಂತರ ಆದಾಯದ ಮೂಲ ಕೇಳುವವರಿಗೆ ತೋರಿಸಲೂ ಬೇಕಾಗುತ್ತದೆ.

## ಆದಾಯ ತೆರಿಗೆ

ತೋಟದ ಆದಾಯಕ್ಕೆ ತೆರಿಗೆ ಇಲ್ಲವಲ್ಲ, ರಿಟರ್ನ್ಸ್‌ನಲ್ಲಿ ಯಾಕೆ ತೋರಿಸಬೇಕು?

ತೋರಿಸಲೇಬೇಕು. ಕೃಷಿ ಆದಾಯ 5,000 ದಾಟಿ, ಬೇರೆ ಆದಾಯ ವಿನಾಯಿತಿ ಮಿತಿ ಮೀರಿದರೆ ಆ ಕೃಷಿ ಆದಾಯ ನಿಮ್ಮ ತೆರಿಗೆ ದರವನ್ನು ಮೇಲಕ್ಕೆ ತಳ್ಳುತ್ತದೆ. ಲೆಕ್ಕ ಹೀಗೆ: ಎರಡೂ ಆದಾಯ ಕೂಡಿಸಿ ತೆರಿಗೆ ಲೆಕ್ಕ ಹಾಕಿ. ಆಮೇಲೆ ವಿನಾಯಿತಿ ಮಿತಿಗೆ ಕೃಷಿ ಆದಾಯ ಕೂಡಿಸಿ, ಆ ಮೊತ್ತದ ಮೇಲೆ ತೆರಿಗೆ ಹಾಕಿ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆಯಿರಿ.

2025-26ರ ಹೊಸ ಪದ್ಧತಿಯ ದರದಲ್ಲಿ ಒಂದು ಉದಾಹರಣೆ. ತೆರಿಗೆಗೆ ಒಳಪಡುವ ಬೇರೆ ಆದಾಯ 14 ಲಕ್ಷ, ಕೃಷಿ ಆದಾಯ 6 ಲಕ್ಷ. 20 ಲಕ್ಷದ ಮೇಲೆ ತೆರಿಗೆ 2,00,000. 4 ಲಕ್ಷಕ್ಕೆ 6 ಲಕ್ಷ ಕೂಡಿ 10 ಲಕ್ಷ, ಅದರ ಮೇಲೆ 40,000. ಕಟ್ಟಬೇಕಾದ್ದು 1,60,000, ಸೆಸ್ ಬೇರೆ. ತೋಟವೇ ಇಲ್ಲದಿದ್ದರೆ 14 ಲಕ್ಷಕ್ಕೆ 90,000 ಆಗುತ್ತಿತ್ತು. ಅಂದರೆ "ತೆರಿಗೆ ಇಲ್ಲದ" ತೋಟದಿಂದಾಗಿ 70,000 ಹೆಚ್ಚು.

ಶಾಸಕರ ಸಂಬಳ ಕಾನೂನಿನ ಕಣ್ಣಲ್ಲಿ ಸಂಬಳ ಅಲ್ಲ, "ಇತರ ಮೂಲಗಳ ಆದಾಯ". ಸಂಬಳದಾರರಿಗೆ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್ ಇಲ್ಲ. ದಿನಭತ್ಯೆ, ಕ್ಷೇತ್ರ ಭತ್ಯೆಗೆ ಹಳೇ ಪದ್ಧತಿಯಲ್ಲಿ ವಿನಾಯಿತಿ ಇದೆ, ಹೊಸದರಲ್ಲಿ ಇಲ್ಲ. ಯಾವುದು ಲಾಭ ಎಂದು ಪ್ರತಿ ವರ್ಷ ಲೆಕ್ಕಿಗರ ಹತ್ತಿರ ಎರಡೂ ಹಾಕಿಸಿ ನೋಡಿ.

ಹಸು, ರೇಷ್ಮೆ, ನರ್ಸರಿ, ಸೋಲಾರ್, ಎಲ್ಲವೂ ಕೃಷಿ ಆದಾಯ ತಾನೆ?

ಅಲ್ಲ. ಎಡವುವುದು ಇಲ್ಲೇ. ಹಾಲು ಮಾರಿದ ಹಣ ಕೃಷಿ ಆದಾಯ ಅಲ್ಲ, ಕೋಳಿ ಸಾಕಣೆಯೂ ಅಲ್ಲ. ರೇಷ್ಮೆ ಗೂಡು ಮಾರಿದ ಆದಾಯವೂ ಅಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದೆ: ಹಿಪ್ಪುನೇರಳೆ ಬೆಳೆಯುವುದು ಕೃಷಿ, ಅದನ್ನು ತಿಂದ ಹುಳು ಕಟ್ಟಿದ ಗೂಡು ಬೆಳೆ ಅಲ್ಲ. ನರ್ಸರಿಯಲ್ಲಿ ಬೆಳೆಸಿದ ಸಸಿ ಮಾತ್ರ ಕೃಷಿ ಆದಾಯ. ಪಾವಗಡದ ತಿರುಮಣಿ ಕಡೆ ಸೋಲಾರ್ ಪಾರ್ಕ್‌ಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಶುರುವಾದ ಗುತ್ತಿಗೆ ಹಣ ಬರುತ್ತದಲ್ಲ, ಅದೂ ಕೃಷಿ ಆದಾಯ ಅಲ್ಲ, ಆ ನೆಲದಲ್ಲಿ ಬೇಸಾಯ ನಡೆಯುತ್ತಿಲ್ಲ. ಮಾವಿನ ಫಸಲನ್ನು ಮರದ ಮೇಲೇ ಮಾರಿದರೆ, ತೋಟ ಸಾಕಿದ್ದು ನೀವಾದ್ದರಿಂದ, ಅದು ಕೃಷಿ ಆದಾಯವೇ.

## ಹುದ್ದೆ ಒಂದು ಕಡೆ, ಹಿತ ಇನ್ನೊಂದು ಕಡೆ

ಎರಡೇ ಎಕರೆ ಇರೋದು. ಪಿಎಂ ಕಿಸಾನ್ ಹಣ ತಗೋಬಹುದಾ?

ಇಲ್ಲ. ಹಾಲಿ ಮತ್ತು ಮಾಜಿ ಶಾಸಕರು, ವಿಧಾನ ಪರಿಷತ್ ಸದಸ್ಯರು, ಜಿಲ್ಲಾ ಪಂಚಾಯ್ತಿ ಅಧ್ಯಕ್ಷರಾಗಿದ್ದವರು ಎಲ್ಲರೂ ಹೊರಗೆ. ಗೆಲ್ಲುವ ಮುಂಚೆ ನೋಂದಾಯಿಸಿದ್ದರೆ ಗೆದ್ದ ತಕ್ಷಣ ಬಿಟ್ಟುಕೊಡಿ. ಖಾತೆಗೆ ಬಂದ ಒಂದೊಂದು 2,000ವೂ ಮುಂದೊಂದು ದಿನ ಪಟ್ಟಿಯಾಗಿ ಹೊರಬೀಳುತ್ತದೆ.

ನನ್ನ ನರ್ಸರಿ ಸಸಿ ತೋಟಗಾರಿಕೆ ಇಲಾಖೆಗೆ ಕೊಡಬಹುದಾ? ಡೇರಿಗೆ ಹಾಲು?

ಇಲಾಖೆಗೆ ಬೇಡ. ಪ್ರಜಾಪ್ರತಿನಿಧಿ ಕಾಯ್ದೆಯ 9ಎ ಸೆಕ್ಷನ್ ಪ್ರಕಾರ, ವ್ಯಾಪಾರವಾಗಿ ರಾಜ್ಯ ಸರ್ಕಾರಕ್ಕೆ ಸರಕು ಪೂರೈಸುವ ಇಲ್ಲವೇ ಕಾಮಗಾರಿ ಮಾಡುವ ಚಾಲ್ತಿ ಕರಾರು ಇದ್ದರೆ ಶಾಸಕ ಅನರ್ಹ. ಸಸಿ, ಹಾಸ್ಟೆಲ್‌ಗೆ ತರಕಾರಿ, ಇಲಾಖೆಗೆ ಟ್ರ್ಯಾಕ್ಟರ್ ಬಾಡಿಗೆ, ಎಲ್ಲದರಿಂದಲೂ ದೂರ ಇರಿ. ಡೇರಿ ಬೇರೆ. ಊರಿನ ಹಾಲು ಉತ್ಪಾದಕರ ಸಂಘ ಸಹಕಾರಿ ಸಂಘ, ಸರ್ಕಾರ ಅಲ್ಲ. ಅಲ್ಲಿ ಸದಸ್ಯರಾಗಿ ಹಾಲು ಹಾಕುವುದಕ್ಕೆ ತಡೆ ಇಲ್ಲ. ಬೆಂಬಲ ಬೆಲೆ ಕೇಂದ್ರದಲ್ಲಿ ರಾಗಿ ಹಾಕುವ ವಿಷಯದಲ್ಲಿ ನಮ್ಮ ಸಲಹೆ ಇಷ್ಟೇ: 2025-26ಕ್ಕೆ ಕ್ವಿಂಟಲ್‌ಗೆ 4,886 ರೂಪಾಯಿ ಎಂದು ಸಾಲಿನಲ್ಲಿ ರಾತ್ರಿಯೆಲ್ಲ ಟ್ರ್ಯಾಕ್ಟರ್ ನಿಲ್ಲಿಸಿದವರ ಮುಂದೆ ಶಾಸಕರ ಲೋಡು ಮೊದಲು ಇಳಿದರೆ, ಕಾನೂನು ಏನೇ ಹೇಳಲಿ, ಅದು ಮುಂದಿನ ಚುನಾವಣೆಯ ಭಾಷಣವಾಗುತ್ತದೆ. ಹೊರಗೆ ಮಾರಿ.

ಬಗರ್ ಹುಕುಂ ಕಮಿಟಿ ಅಧ್ಯಕ್ಷರು ಎಂಎಲ್‌ಎನೇ. ನಮ್ಮ ಚಿಕ್ಕಪ್ಪನ ಅರ್ಜಿಯೂ ಇದೆ, ಏನು ಮಾಡೋದು?

ಶಾಸಕ-ರೈತನ ಬದುಕಿನಲ್ಲಿ ಇದಕ್ಕಿಂತ ಸೂಕ್ಷ್ಮವಾದ ಕುರ್ಚಿ ಇಲ್ಲ. ಅನಧಿಕೃತ ಸಾಗುವಳಿ ಸಕ್ರಮದ ನಮೂನೆ 50, 53, 57ರ ಅರ್ಜಿಗಳು ಈ ಸಮಿತಿಯ ಮುಂದೆ ಬರುತ್ತವೆ. ತಹಶೀಲ್ದಾರ್ ಕಾರ್ಯದರ್ಶಿ, ಅಧ್ಯಕ್ಷತೆ ಸಾಮಾನ್ಯವಾಗಿ ಶಾಸಕರದ್ದು. ಮಾಡಬೇಕಾದ್ದು ಹೀಗೆ. ಮೊದಲ ಸಭೆಗೆ ಮುಂಚೆಯೇ ಮನೆಯವರ, ನೆಂಟರ, ಜಮೀನಿಗೆ ಹೊಂದಿಕೊಂಡ ಸರ್ವೆ ನಂಬರುಗಳ ಅರ್ಜಿ ಯಾವುವು ಎಂದು ಪಟ್ಟಿ ಮಾಡಿ ತಹಶೀಲ್ದಾರರಿಗೆ ಬರಹದಲ್ಲಿ ಕೊಡಿ. ಆ ಅರ್ಜಿ ಬಂದಾಗ ಎದ್ದು ಹೊರಗೆ ಹೋಗಿ, ಹೋದದ್ದನ್ನು ನಡಾವಳಿಯಲ್ಲಿ ಬರೆಸಿ. ಸ್ಥಳ ಪರಿಶೀಲನೆ ವರದಿ ಮತ್ತು ನಕ್ಷೆ ಇಲ್ಲದ ಅರ್ಜಿಗೆ ಸಹಿ ಹಾಕಬೇಡಿ. ಬೇರೆಯವರ ಅರ್ಜಿಗೆ ಏನು ದಾಖಲೆ ಕೇಳುತ್ತೀರೋ ಚಿಕ್ಕಪ್ಪನಿಂದಲೂ ಅದನ್ನೇ ಕೇಳಿಸಿ.

ಗೋಮಾಳ, ಕೆರೆ ಅಂಗಳ, ರಾಜಕಾಲುವೆ ನಿಮ್ಮ ಬೇಲಿಯೊಳಗೆ ಒಂದು ಗುಂಟೆ ಬಂದಿದ್ದರೂ ಗೆದ್ದ ಕೂಡಲೇ ಹದ್ದುಬಸ್ತು (ಗಡಿ ಅಳತೆ) ಮಾಡಿಸಿ ಬಿಟ್ಟುಕೊಡಿ. ಸರ್ಕಾರಿ ಜಮೀನಿನ ಒತ್ತುವರಿ ಭೂಕಂದಾಯ ಕಾಯ್ದೆಯಲ್ಲೂ, ಭೂಕಬಳಿಕೆ ನಿಷೇಧ ಕಾಯ್ದೆಯಲ್ಲೂ ಅಪರಾಧ. "ನಮ್ಮಜ್ಜನ ಕಾಲದಿಂದ ಉಳ್ತಾ ಇದೀವಿ" ಎಂಬ ಮಾತು ಕೋರ್ಟಿನಲ್ಲಿ ನಡೆಯುವುದಿಲ್ಲ.

ಪಕ್ಕದ ಎರಡು ಎಕರೆ ಮಾರಾಟಕ್ಕಿದೆ, ತಗೊಳ್ಳಲಾ?

ಭೂಸುಧಾರಣಾ ಕಾಯ್ದೆಯ 79ಎ, 79ಬಿ ಸೆಕ್ಷನ್‌ಗಳು 2020ರಲ್ಲಿ ರದ್ದಾದ ಮೇಲೆ ಕೃಷಿ ಜಮೀನು ಕೊಳ್ಳಲು ಕೃಷಿಕನೆಂಬ ಪುರಾವೆ, ಆದಾಯದ ಮಿತಿ ಎರಡೂ ಇಲ್ಲ. ಆದರೆ ಮೂಲದಲ್ಲಿ ಪರಿಶಿಷ್ಟರಿಗೆ ಮಂಜೂರಾದ ಜಮೀನಾದರೆ ಪಿಟಿಸಿಎಲ್ ಕಾಯ್ದೆ ಅಡ್ಡ ಬರುತ್ತದೆ. ಸರ್ಕಾರದ ಪೂರ್ವಾನುಮತಿ ಇಲ್ಲದ ಕ್ರಯ ಬಿದ್ದುಹೋಗುತ್ತದೆ, 2023ರ ತಿದ್ದುಪಡಿಯಾದ ಮೇಲೆ ಕಾಲಮಿತಿಯ ನೆಪವನ್ನೂ ಹೇಳುವಂತಿಲ್ಲ. 30 ವರ್ಷದ ಇಸಿ (ಋಣಭಾರ ಪತ್ರ) ಸಾಲದು, ಮಂಜೂರಾತಿ ಕಡತ, ಸಾಗುವಳಿ ಚೀಟಿ ತೆಗೆಸಿ ನೋಡಿ. ಹೊಸ ಕೈಗಾರಿಕಾ ಪ್ರದೇಶವೋ ಬೈಪಾಸೋ ಬರಲಿದೆ ಎಂದು ಸಭೆಯಲ್ಲಿ ಮೊದಲು ತಿಳಿದವರು ನೀವಾಗಿದ್ದರೆ, ಆ ದಿಕ್ಕಿನಲ್ಲಿ ಒಂದು ಗುಂಟೆಯನ್ನೂ ಕೊಳ್ಳಬೇಡಿ.

ಶಾಸಕರ ನಿಧಿಯಲ್ಲಿ ನಮ್ಮ ತೋಟದ ದಾರಿಗೆ ಡಾಂಬರು?

ವರ್ಷಕ್ಕೆ 2 ಕೋಟಿಯ ಪ್ರದೇಶಾಭಿವೃದ್ಧಿ ನಿಧಿ ಜಿಲ್ಲಾಧಿಕಾರಿಯ ಮೂಲಕ ಸಾರ್ವಜನಿಕ ಕೆಲಸಕ್ಕೆ ಹೋಗುವ ಹಣ. ನಿಮ್ಮ ತೋಟದ ಗೇಟಿಗೆ ಮುಗಿಯುವ ದಾರಿ ಸಾರ್ವಜನಿಕ ಕೆಲಸ ಅಲ್ಲ. ಗ್ರಾಮ ನಕ್ಷೆಯಲ್ಲಿರುವ ಬಂಡಿದಾರಿ ನಾಲ್ಕಾರು ರೈತರ ಜಮೀನು ದಾಟಿ ಹೋಗುತ್ತಿದ್ದರೆ ಮಾತು ಬೇರೆ. ಆಗಲೂ ಅದನ್ನು ಮೊದಲ ವರ್ಷದ ಪಟ್ಟಿಯಲ್ಲಿ ಇಡಬೇಡಿ.

ಕೆ.ಸಿ. ವ್ಯಾಲಿ ನೀರು ನಮ್ಮ ಕೆರೆಗೆ ಬಂದಿದೆ. ಮೋಟಾರ್ ಇಡಬಹುದಾ?

ಬೇಡ. 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿರುವುದು ಬೆಂಗಳೂರಿನ ಎರಡು ಹಂತದಲ್ಲಿ ಸಂಸ್ಕರಿಸಿದ ನೀರು, ಉದ್ದೇಶ ಅಂತರ್ಜಲ ಮರುಪೂರಣ. ಕೆರೆಗೋ ಕಾಲುವೆಗೋ ಪಂಪ್ ಇಟ್ಟು ಎತ್ತುವುದು ನಿಯಮಬಾಹಿರ, ಮುಂದಿನ ಕೆರೆ ತುಂಬುವುದಿಲ್ಲ. ಶಾಸಕರ ಮೋಟಾರ್ ಒಂದು ಇದ್ದರೆ ಸಾಲಾಗಿ ಇಪ್ಪತ್ತು ಬರುತ್ತವೆ, ಆಮೇಲೆ ತೆಗೆಸುವ ಅಧಿಕಾರಿಗೆ ಬಾಯಿ ಇರುವುದಿಲ್ಲ. ನಿಮ್ಮ ಜಮೀನಿನ ಮಳೆ ನೀರಿಗೆ ಹೊಂಡ ತೋಡಿ: ಮೇಲೆ 21 ಮೀಟರ್ ಚೌಕ, 3 ಮೀಟರ್ ಆಳ, ಒಂದಕ್ಕೊಂದು (1:1) ಇಳಿಜಾರು ಇಟ್ಟರೆ ಸುಮಾರು 9.8 ಲಕ್ಷ ಲೀಟರ್ ಹಿಡಿಯುತ್ತದೆ. ಹೊಸ ಬೋರ್ ಕೊರೆಸುವ ಮುಂಚೆ ಅಂತರ್ಜಲ ಪ್ರಾಧಿಕಾರದ ಅನುಮತಿ ಬೇಕು, ಅದು ಶಾಸಕರಿಗೂ ಬೇಕು.

ನಾನೇ ಬೆಳೆಯೋ ಬೆಳೆ ಬಗ್ಗೆ ಸದನದಲ್ಲಿ ಮಾತಾಡಿದರೆ ಸ್ವಾರ್ಥ ಅನ್ನಲ್ವಾ?

ಅನ್ನುವವರು ಅನ್ನಲಿ. "ನಾನೂ ಈ ಬೆಳೆ ಬೆಳೆಯುತ್ತೇನೆ" ಎಂದು ಮೊದಲ ವಾಕ್ಯದಲ್ಲೇ ಹೇಳಿ ಮಾತು ಶುರು ಮಾಡಿ. 2025ರ ಜೂನ್‌ನಲ್ಲಿ ಆಂಧ್ರದ ಚಿತ್ತೂರು ಜಿಲ್ಲಾಡಳಿತ ಕರ್ನಾಟಕದ ತೋತಾಪುರಿ ಒಳಗೆ ಬರದಂತೆ ತಡೆದಾಗ ಅದರ ಪೆಟ್ಟು ಏನೆಂದು ಹೇಳಬಲ್ಲವನು ತೋಟ ಇದ್ದವನೇ. ತುರ್ತು ವಿಷಯಕ್ಕೆ ನಿಯಮ 73ರ ಗಮನ ಸೆಳೆಯುವ ಸೂಚನೆ, ವಿವರವಾದ ಚರ್ಚೆಗೆ ನಿಯಮ 69, ಸಣ್ಣ ಪ್ರಸ್ತಾಪಕ್ಕೆ ನಿಯಮ 351. ಅಂಕಿಅಂಶ ಬೇಕಿದ್ದರೆ ಚುಕ್ಕೆ ಗುರುತಿಲ್ಲದ ಪ್ರಶ್ನೆ ಹಾಕಿ. ಲಿಖಿತ ಉತ್ತರ ತಾಲ್ಲೂಕುವಾರು ಬರುತ್ತದೆ, ಉಪಪ್ರಶ್ನೆಯ ಗದ್ದಲ ಇಲ್ಲ. ಪ್ರಶ್ನೆ ಕಿರಿದಾಗಿರಲಿ. "ರೈತರ ಸಮಸ್ಯೆಗೆ ಕ್ರಮವೇನು" ಎಂದು ಕೇಳಿದರೆ "ಪರಿಶೀಲನೆಯಲ್ಲಿದೆ" ಎಂದೇ ಉತ್ತರ. "ಮುಳಬಾಗಿಲು ತಾಲ್ಲೂಕಿನಲ್ಲಿ ಟೊಮೆಟೊ ಬೆಳೆ ವಿಮೆಗೆ ಎಷ್ಟು ರೈತರು ಕಂತು ಕಟ್ಟಿದ್ದಾರೆ, ಎಷ್ಟು ಜನಕ್ಕೆ ಪರಿಹಾರ ಬಂದಿದೆ, ಬಾಕಿ ಎಷ್ಟು" ಎಂದು ಕೇಳಿದರೆ ಅಂಕಿ ಕೊಡದೆ ವಿಧಿಯಿಲ್ಲ.

ಗೆದ್ದ ಮೇಲೂ ಆಸ್ತಿ ಲೆಕ್ಕ ಕೊಡಬೇಕಾ?

ಪ್ರತಿ ವರ್ಷ ಜೂನ್ 30ರೊಳಗೆ ಲೋಕಾಯುಕ್ತಕ್ಕೆ, ನಿಮ್ಮದೂ ಕುಟುಂಬದವರದ್ದೂ. ಅಫಿಡವಿಟ್, ಆದಾಯ ತೆರಿಗೆ ರಿಟರ್ನ್ಸ್, ಲೋಕಾಯುಕ್ತ ಪಟ್ಟಿ, ಈ ಮೂರರಲ್ಲಿ ಒಂದೇ ಜಮೀನಿಗೆ ಮೂರು ವಿಸ್ತೀರ್ಣ ಇರುವುದು ಅಪರೂಪವೇನಲ್ಲ. ಮೂರನ್ನೂ ಒಬ್ಬರೇ ಬರೆಯಲಿ, ಹಿಂದಿನ ವರ್ಷದ ನಕಲು ಪಕ್ಕದಲ್ಲಿಟ್ಟುಕೊಂಡೇ ಬರೆಯಲಿ.

ಕ್ಷೇತ್ರವೇ ಇಲ್ಲವಾದರೆ?

ಆಗಿದೆ. 2008ರಲ್ಲಿ ಕ್ಷೇತ್ರ ಮರುವಿಂಗಡಣೆ ಜಾರಿಗೆ ಬಂದಾಗ ಕೋಲಾರದ ಕಡೆ ವೇಮಗಲ್, ಬೇತಮಂಗಲ, ತುಮಕೂರಿನ ಕಡೆ ಬೆಳ್ಳಾವಿ, ಕಳ್ಳಂಬೆಳ್ಳ, ಹುಲಿಯೂರುದುರ್ಗ ಕ್ಷೇತ್ರಗಳು ಪಟ್ಟಿಯಿಂದಲೇ ಹೋದವು. ಹತ್ತಿಪ್ಪತ್ತು ವರ್ಷ ಸಾಕಿದ ಬೂತುಗಳು ಮೂರು ಕ್ಷೇತ್ರಗಳಿಗೆ ಹಂಚಿಹೋದವು. ಮತ್ತೊಮ್ಮೆ ಮರುವಿಂಗಡಣೆ ಬಂದಾಗ ನಿಮ್ಮ ತೋಟ ಒಂದು ಕ್ಷೇತ್ರದಲ್ಲಿ, ಮನೆ ಇನ್ನೊಂದರಲ್ಲಿ ಬೀಳಬಹುದು. ಕರಡು ಪ್ರಕಟವಾದಾಗ ಆಕ್ಷೇಪಣೆಗೆ ಕೊಡುವ ದಿನಗಳು ಕಡಿಮೆ. ಹೋಬಳಿವಾರು ಜನಸಂಖ್ಯೆ, ರಸ್ತೆ, ಸಂತೆ, ಆಸ್ಪತ್ರೆ ಯಾವ ಕಡೆಗೆ ಎಂಬ ವಿವರದ ಕಡತವನ್ನು ಈಗಲೇ ಮಾಡಿಟ್ಟುಕೊಂಡವರ ಅರ್ಜಿಗೆ ಆಗ ತೂಕ ಇರುತ್ತದೆ.